ಸರೋಜಕ್ಕ ಕಾಣದೆ ಹೋದ ಕೈಮಾತು

ಸರೋಜಕ್ಕಾ,

ಶಿರಸಿಯ ಆ ಚಿಕಿತ್ಸಾ ಕೋಣೆಯಲ್ಲಿ ನೀನು ಮೊದಲ ಸಲ ಟಿವಿ ಮುಂದೆ ನಿಂತದ್ದು ನೆನಪಿದೆಯಾ? ಪರದೆಯ ಮೇಲೊಂದು ಮರ, ಮರದಿಂದ ಉದುರುವ ಹಣ್ಣು. ಇಲ್ಲಿ ನಾವು ಕೈ ಎತ್ತಿದರೆ ಅಲ್ಲೊಂದು ಬುಟ್ಟಿ ಏಳುತ್ತಿತ್ತು. ಪಾರ್ಶ್ವವಾಯು ಹೊಡೆದ ಕೈಗೆ ಇಂಥ ಆಟವೂ ಔಷಧವೇ ಎಂದಿದ್ದರು ಡಾಕ್ಟರು. “ಈ ವಯಸ್ಸಲ್ಲಿ ಎಂತಾ ವಿಡಿಯೋ ಗೇಮು ಮಾರಾಯ್ತಿ!” ಎಂದು ನೀನು ನಕ್ಕೆ. ನಿನಗೆ ಎಡಗೈ, ನನಗೆ ಬಲಗೈ. ನಾನು ನಗಲಿಲ್ಲ.

ಯಾಕೆ ನಗಲಿಲ್ಲ ಎಂದು ನೀನು ಕೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ, ನಿನ್ನ ಯಲ್ಲಾಪುರದ ಬಸ್ಸಿಗೆ ಕಾಯುವಾಗ. ನನ್ನ ಗಂಡನಿಗೆ ಕಿವಿ ಕೇಳುವುದಿಲ್ಲ, ಮದುವೆಯಾದಾಗಿನಿಂದ ನಮ್ಮ ಮಾತೆಲ್ಲ ಕೈಸನ್ನೆಯಲ್ಲೇ ಎಂದೆ. ಕೈ ಬಿದ್ದ ಮೇಲೆ ಊಟ, ಮಾತ್ರೆ, ನಿದ್ದೆ, ಇಷ್ಟೇ. ಜಗಳ ಕೂಡ ಇಲ್ಲ ಅಕ್ಕಾ... ನೀನು ನನ್ನ ಬಲಗೈಯನ್ನು ನಿನ್ನ ಮಡಿಲಿಗೆ ಎಳೆದುಕೊಂಡೆ. ಆಮೇಲೆ, “ಹಂಗಾರೆ ನಿಂಗೆ ಕೈ ಬರ್ಲೇ ಬೇಕು ಕೂಸೇ. ಆನು ಬಿಡ್ತ್ನಿಲ್ಲೆ” ಎಂದೆ.

ಬಿಡಲೂ ಇಲ್ಲ. ನನ್ನ ಕೈ ಅರ್ಧಕ್ಕೇ ನಿಂತು ನಾನು ಅತ್ತ ದಿನ, ನೀನು ನಿನ್ನ ಸರದಿಯಲ್ಲಿ ಬೇಕೆಂದೇ ಹಣ್ಣೆಲ್ಲ ಕೆಳಗೆ ಬೀಳಿಸಿ, “ಥೋ, ನೋಡೇ, ಯನ್ನ ತೋಟ ಪೂರಾ ಹಾಳಾಗೋತು!” ಎಂದು ಕೂಗಿದೆ. ನಾನು ಅಳುತ್ತಲೇ ನಕ್ಕುಬಿಟ್ಟೆ. ಆಗಲೇ ನನ್ನ ಹೆಬ್ಬೆರಳು ತುಸು ಒಳಗೆ ಮಡಚಿತು. ಅದನ್ನು ನನಗಿಂತ ಮೊದಲು ಕಂಡವಳು ನೀನು.

ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಸೋಮವಾರ ನೀನು ಬರಲಿಲ್ಲ. ಮರುವಾರವೂ ಇಲ್ಲ. ಎರಡನೇ ಸಲ ಹೊಡೆಯಿತು, ಆಸ್ಪತ್ರೆ ಮುಟ್ಟಲಿಲ್ಲ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೈ ಸರಿಯಾದ ಮೇಲೆ ಇಬ್ಬರೂ ಚಂದಗುಳಿ ದೇವಸ್ಥಾನಕ್ಕೆ ಹೋಗಿ ಹರಕೆಯ ಗಂಟೆ ಕಟ್ಟೋಣ ಎಂದಿದ್ದೆಯಲ್ಲ? ಅಷ್ಟು ಅವಸರ ಏನಿತ್ತು? ಈಗ ಎಷ್ಟು ಹಣ್ಣು ಹಿಡಿದರೂ ಹಿಂದಿನ ಕುರ್ಚಿಯಿಂದ ಯಾರೂ ಕೂಗುವುದಿಲ್ಲ. ಒಂದೊಂದು ಸಲ ತಿರುಗಿ ನೋಡುತ್ತೇನೆ...

ಮೊನ್ನೆ ಸಂಜೆ ನನ್ನ ಗಂಡ ನನ್ನ ಮುಖ ನೋಡಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದರು. ದಿನವೂ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದೆ. ಅಂದು ಎರಡೂ ಕೈ ಎತ್ತಿದೆ. ಗೆಳತಿ ತೀರಿಕೊಂಡಳು ಎಂದೆ. ಬೆರಳು ಪೂರ್ತಿ ಮಡಚಲಿಲ್ಲ, ಆದರೆ ಅವರಿಗೆ ತಿಳಿಯಿತು. ಎದುರಿಗೆ ಬಂದು ಕೂತು, ಯಾರು, ಹೇಗಿದ್ದಳು ಎಂದು ಕೇಳಿದರು. ಹೇಳುತ್ತಾ ಹೋದೆ. ಕೈ ತಪ್ಪಿದಲ್ಲಿ ತಿದ್ದಿದರು, ತಿಳಿಯದಲ್ಲಿ ಮತ್ತೆ ಕೇಳಿದರು. ಕಾಯಿಲೆ ಬಂದ ಮೇಲೆ ನಾವು ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ನಿನ್ನದೇ, ಅಕ್ಕಾ. ಒಲೆಯ ಮೇಲೆ ಅನ್ನ ತಳ ಹಿಡಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.