ಎಸ್ಕಲೇಟರ್ ಕೆಳಗಿನ ಅಕ್ಕ

ಜುಲೈ 8, ಸೋಮವಾರ

ಮೊದಲ ಪೀರಿಯಡ್. ಊರಿಗೆ ಬೀದಿ ದೀಪ ಬಂದ ಪಾಠ. ಕತ್ತಲಾದ ಮೇಲೂ ಅಂಗಡಿ ತೆರೆದಿಡುವುದು ಯಾವಾಗ ಶುರುವಾಯಿತು, ಹೆಂಗಸರು ಸಂಜೆ ಹೊರಗೆ ಓಡಾಡತೊಡಗಿದ್ದು ಯಾವಾಗ... ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆನ್ನುವ ಭಾಗ. ಕಿಟಕಿ ಪಕ್ಕದ ಸಾಲು ಪೂರ್ತಿ ಗಾಢ ನಿದ್ರೆ. ಒಬ್ಬನದಂತೂ ಗೊರಕೆ.

ತಪ್ಪು ಅವರದ್ದಲ್ಲ. 'ನಮ್ಮ ಭಾಗದ ತಂತ್ರಜ್ಞಾನ ಚರಿತ್ರೆ ಮತ್ತು ಅದರ ಸಾಮಾಜಿಕ ಪರಿಣಾಮ' — ಹೆಸರು ಓದಿ ಮುಗಿಸುವಷ್ಟರಲ್ಲಿ ಆಕಳಿಕೆ ಬರುತ್ತದೆ. ಎಲ್ಲರೂ ಕಾಮರ್ಸ್ ಮಕ್ಕಳು. ಐಚ್ಛಿಕ ವಿಷಯವಾಗಿ ಕೇಳಿದ್ದ ಫೋಟೋಗ್ರಫಿಯಲ್ಲಿ ಸೀಟು ಸಿಗದೆ ನನ್ನ ಪಾಲಿಗೆ ಬಿದ್ದವರು. ತಮ್ಮತಮ್ಮಲ್ಲೇ ಇದನ್ನು 'ಮಿಷಿನ್ ಕ್ಲಾಸ್' ಅನ್ನುತ್ತಾರೆ. ನಾನಿಟ್ಟ ಹೆಸರಿಗಿಂತ ಅದೇ ಚೆನ್ನಾಗಿದೆ.

ಪುಸ್ತಕ ಮುಚ್ಚಿದೆ. "ಊರನ್ನ ಬದಲಾಯಿಸಿದ ಒಂದು ಮಿಷಿನ್ ಹೇಳಿ. ಈ ತಿಂಗಳು ಪೂರ್ತಿ ಅದನ್ನೇ ಓದೋಣ."

ರೈಲು ಅಂದರು. ಮೊಬೈಲ್ ಅಂದರು. ಆಗ ಹಿಂದಿನ ಬೆಂಚಿನ ಗಡ್ಡ ಎದ್ದು ನಿಂತ. ತರಗತಿಯಲ್ಲಿ ಗಡ್ಡ ಪೂರ್ತಿ ಬಂದಿರುವುದು ಅವನೊಬ್ಬನಿಗೇ, ಅದಕ್ಕೇ ಆ ಹೆಸರು.

"ದೊಡ್ಡ ಬಟ್ಟೆ ಅಂಗಡಿ ಎಸ್ಕಲೇಟರ್, ಮೇಡಂ. ಊರಿಗೆ ಬಂದ ಮೊದಲ್ನೇದು. ತಿಂಗಳ ಕೊನೆಗೆ ಕಿತ್ತು ಹಾಕ್ತಾರಂತೆ, ಲಿಫ್ಟ್ ಬರುತ್ತೆ. ಅಷ್ಟರೊಳಗೆ ಎಲ್ಲರೂ ಹೋಗಿ ಒಟ್ಟಿಗೆ ಹತ್ತಬೋದು."

ತರಗತಿ ಹೋ ಎಂದಿತು. ಮಲಗಿದ್ದವರೂ ಎದ್ದರು. ನಾನು ಮಾತ್ರ ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದೆ.

ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನು. ನಾನು ಇಂದಿನವರೆಗೆ ಎಸ್ಕಲೇಟರ್ ಹತ್ತಿದವಳಲ್ಲ. ಆ ಮೆಟ್ಟಿಲುಗಳು ನೆಲದೊಳಗಿಂದ ಹುಟ್ಟಿ ಹುಟ್ಟಿ ಬರುವುದನ್ನು ನೋಡಿದರೆ ಕಾಲು ನಿಂತಲ್ಲೇ ಅಂಟಿಕೊಳ್ಳುತ್ತದೆ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಹೊತ್ತುಕೊಂಡು ಮೆಟ್ಟಿಲು ಹತ್ತಿದ ಪುಣ್ಯಾತ್ಮಳು ನಾನು. ಕೇಳಿದವರಿಗೆ 'ವ್ಯಾಯಾಮ' ಅಂದಿದ್ದೇನೆ.

ಸಂಜೆ 7

ಇವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಜನ ಯಂತ್ರಕ್ಕೆ ಹೊಂದಿಕೊಂಡ ಬಗೆ ಅಂತ ಪಾಠ ಮಾಡ್ತೀಯಲ್ಲೇ, ನೀನು ಹೊಂದಿಕೊಂಡಿದ್ದು ಯಾವಾಗ?"

"ನಿಮಗೆ ಹೊಂದಿಕೊಂಡಿದ್ದೀನಲ್ಲ, ಅಷ್ಟು ಸಾಕು" ಅಂದೆ.

ಮಾತಿಗೆ ಮಾತು ಕೊಟ್ಟದ್ದೇನೋ ಸರಿ. ಆದರೆ ಮಕ್ಕಳಿಗೆ ಗೊತ್ತಾದರೆ? ಮಿಷಿನ್ ಕ್ಲಾಸ್ ಮೇಡಂಗೆ ಮಿಷಿನ್ ಕಂಡರೆ ಭಯ — ಮಧ್ಯಾಹ್ನದೊಳಗೆ ಕ್ಯಾಂಟೀನ್ ತುಂಬ ಅದೇ ಮಾತು. ಆಮೇಲೆ ಆ ತರಗತಿಗೆ ಯಾವ ಮುಖ ಹೊತ್ತು ಹೋಗಲಿ?

ಜುಲೈ 12, ಶುಕ್ರವಾರ

ಎಸ್ಕಲೇಟರ್ ಬಂದಾಗ ಏನಾಯಿತೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಅಂದಿದ್ದೆ. ಇಂದು ಒಬ್ಬೊಬ್ಬರೇ ಓದಿದರು.

ಉದ್ಘಾಟನೆ ಮಾಡಿದ್ದು ಯಾರು? ಒಬ್ಬರಿಗೂ ನೆನಪಿಲ್ಲ. ಯಂತ್ರ ಎಲ್ಲಿಂದ ಬಂತು? ಗೊತ್ತಿಲ್ಲ. ಎಲ್ಲ ಮನೆಯಲ್ಲೂ ನೆನಪಿರುವುದು ಒಬ್ಬಳೇ, ಕೆಳಗೆ ನಿಂತಿದ್ದ ಅಕ್ಕ. ಹೆದರಿದವರ ಕೈ ಹಿಡಿದು ಹತ್ತಿಸಲಿಕ್ಕೆಂದೇ ಅಂಗಡಿಯವರು ಇಟ್ಟಿದ್ದ ಹೆಂಗಸಂತೆ. ಒಬ್ಬನ ಅಜ್ಜಿ ಹೇಳಿದ ಪ್ರಕಾರ ಕಂಬದಷ್ಟು ಎತ್ತರ. ಇನ್ನೊಬ್ಬಳ ದೊಡ್ಡಮ್ಮನ ಪ್ರಕಾರ ಗಿಡ್ಡ. ಯೂನಿಫಾರ್ಮ್ ಒಬ್ಬರಿಗೆ ಹಸಿರು, ಇನ್ನೊಬ್ಬರಿಗೆ ನೀಲಿ.

ಮುಂದಿನ ಬೆಂಚಿನಲ್ಲಿ ಪಟಪಟ ಸಿಡಿಯುವ ಹುಡುಗಿ ಪಟಾಕಿಯ ಮನೆಯದ್ದು ಎಲ್ಲಕ್ಕಿಂತ ಚೆಂದ. ಅವಳ ತಾತ, "ನಾನು ಯಾರ ಕೈಯೂ ಹಿಡಿದಿಲ್ಲ, ನಾನೇ ಹತ್ತಿದೆ" ಅಂದರಂತೆ. ಅಡುಗೆಮನೆಯಿಂದ ಅಜ್ಜಿ: "ಹಿಡಿದಿದ್ದಲ್ಲಮ್ಮ. ನೇತಾಡಿದ್ದು."

ಬೋರ್ಡಿನ ಮೇಲೆ 'ಸಾಕ್ಷಿ ಎಂದರೇನು?' ಎಂದು ಬರೆದೆ. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಯಾರೂ ಮಲಗಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ ಸ್ಟಾಫ್ ರೂಮಿಗೆ ಹಾಡು ಗುನುಗುತ್ತ ಹೋದೆ.

"ಆ ಅಕ್ಕ ಈಗ ಎಲ್ಲಿದ್ದಾರೆ ಮೇಡಂ?" ಪಟಾಕಿ ಬಾಗಿಲವರೆಗೂ ಬಂದು ಕೇಳಿದಳು.

"ಹುಡುಕಿ" ಅಂದೆ.

ಜುಲೈ 15, ಸೋಮವಾರ

ಹುಡುಕಿಬಿಟ್ಟಿದ್ದಾರೆ! ಗಡ್ಡನ ಅಮ್ಮನ ಟೈಲರ್, ಆ ಟೈಲರ್ ಹಿಂದೆ ಅದೇ ಅಂಗಡಿಯಲ್ಲಿದ್ದವರು... ಹೀಗೆ ಹಿಡಿದುಕೊಂಡು ಹೋಗಿ, ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಅಕ್ಕನ ಮಗಳ ಮನೆ, ಅಕ್ಕ ಇರುವುದು ಅಲ್ಲೇ. ಇವರನ್ನು ಕಾಮರ್ಸಿಗಲ್ಲ, ಪೊಲೀಸಿಗೆ ಸೇರಿಸಬೇಕಿತ್ತು. ಬುಧವಾರ ಅಕ್ಕ ತರಗತಿಗೆ ಬರುತ್ತಾರೆ.

ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿ ಮಕ್ಕಳನ್ನು ಕರೆತರಬಹುದೇ ಎಂದು ಕೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. "ನೋಡೋಣ ಮೇಡಂ... ಕಷ್ಟ... ಹೇಳ್ತೀನಿ." ಒಳಗೊಳಗೇ ಸಮಾಧಾನ. ಅವನೇ ಬೇಡ ಅಂದುಬಿಟ್ಟರೆ ನನ್ನ ಮಾನ ಉಳಿಯಿತು.

ಜುಲೈ 17, ಬುಧವಾರ

ಅಕ್ಕ ಬಂದರು. ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ. ಯೂನಿಫಾರ್ಮ್ ಕಂದು ಬಣ್ಣದ್ದಂತೆ. ಮಕ್ಕಳು ಪೆಚ್ಚಾದರು. ಮಂಡಿ ನೋವಿನಿಂದ ನಿಧಾನಕ್ಕೆ ನಡೆಯುತ್ತಾರೆ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

"ನನ್ನ ಮಗ ಹುಟ್ಟಿದ ವರ್ಷಾನೇ ಎಸ್ಕಲೇಟರ್ ಬಂದಿದ್ದು" ಅಂದರು.

ಪಟಾಕಿ ಹಳೇ ಪತ್ರಿಕೆ ನೋಡಿಕೊಂಡು ಬಂದಿದ್ದಳು. "ಅಕ್ಕಾ, ಪೇಪರಲ್ಲಿ ಬೇರೆ ವರ್ಷ ಇದೆ."

"ಹಂಗಾದ್ರೆ ಪೇಪರ್‌ನೋರು ತಪ್ಪು ಬರ್ದಿದ್ದಾರೆ. ಹೆತ್ತೋಳು ನಾನು."

ಚರಿತ್ರೆಯ ಮೇಷ್ಟರು ಯಾರೂ ಇದಕ್ಕೆ ಉತ್ತರ ಕೊಟ್ಟಿಲ್ಲ. ಎರಡೂ ವರ್ಷ ಬರೆದುಕೊಳ್ಳಿ ಅಂದೆ ಮಕ್ಕಳಿಗೆ.

ಹತ್ತಿಸುವುದಕ್ಕೆ ಅಕ್ಕನ ಬಳಿ ಒಂದು ಉಪಾಯವಿತ್ತು. ಹೆದರಿದವರಿಗೆ 'ಹೆದರಬೇಡಿ' ಅನ್ನಬಾರದಂತೆ, ಇನ್ನೂ ಹೆದರುತ್ತಾರೆ. ಒಂದು ಪ್ರಶ್ನೆ ಕೇಳಬೇಕು. "ಊಟ ಆಯ್ತಾ ಅಂದ್ರೆ ಪ್ರಯೋಜನ ಇಲ್ಲ, ಹೂಂ ಅಂದು ಅಲ್ಲೇ ನಿಂತ್ಕೋತಾರೆ. ಬಾಯ್ತುಂಬ ಉತ್ತರ ಬರೋ ಅಂಥದ್ದು ಕೇಳ್ಬೇಕು. ವಯಸ್ಸಾದ ಹೆಂಗಸ್ರು ಬಂದ್ರೆ, ಸೊಸೆ ಹೇಗಿದ್ದಾಳಮ್ಮ ಅಂತಿದ್ದೆ. ಅಷ್ಟೇ. ಮೇಲೆ ಹೋಗಿ ಇಳಿದ್ರೂ ಮಾತು ಮುಗೀತಿರ್ಲಿಲ್ಲ."

ನಗು ನಿಲ್ಲಲಿಲ್ಲ. ಅಕ್ಕ ನನ್ನ ಸೀಮೆಸುಣ್ಣ ಒಬ್ಬಳ ಕೈಗೆ ಕೊಟ್ಟು ನೆಲದ ಮೇಲೆ ಗೆರೆ ಎಳೆಸಿದರು. ಗಡ್ಡನನ್ನು ಕರೆದು ಕೈ ಹಿಡಿದರು. "ಈ ಗಡ್ಡಕ್ಕೆ ನಿಮ್ಮಪ್ಪ ಏನಂದ್ರಪ್ಪ?" "ಅಪ್ಪ ಏನಂದ್ರು ಅಂದ್ರೆ..." ಅನ್ನುವಷ್ಟರಲ್ಲಿ ಗಡ್ಡ ಗೆರೆಯ ಆಚೆ. ಎಲ್ಲರ ಚಪ್ಪಾಳೆ.

ಆಮೇಲೆ ಅಕ್ಕ ಇನ್ನೊಂದು ಮಾತು ಹೇಳಿದರು. ಅದನ್ನೂ ನಗುತ್ತಲೇ.

"ನಮ್ಮ ಬೀದಿಯೋರಿಗೆ ಅಂಗಡೀಲಿ ಚಿಲ್ಲರೆ ಕೊಡೋವಾಗ ಕೈ ತಾಗಬಾರದು ಅಂತ ಮೇಲಿಂದ ಹಾಕ್ತಿದ್ರು. ಅಂಥೋರೇ ಎಸ್ಕಲೇಟರ್ ಹತ್ರ ಬಂದ್ರೆ ನನ್ನ ಕೈ ಹಿಡ್ಕೊಳ್ಳೋರು. ಉಗುರು ಗುರುತು ಬೀಳೋ ಹಂಗೆ. ಮೇಲೆ ಹೋಗಿ ಕೈ ತೊಳ್ಕೊಂಡ್ರೋ ಏನೋ, ನಾನು ನೋಡಿಲ್ಲ."

ಇಷ್ಟು ವರ್ಷ ನಾನು 'ಸಾಮಾಜಿಕ ಪರಿಣಾಮ' ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕಿದ್ದೇ ಹಾಕಿದ್ದು. ಇವತ್ತು ಬರೆಯಲಿಲ್ಲ.

"ನೀವು ಮೊದಲ ಸಲ ಮೇಲೆ ಹೋದಾಗ ಹೇಗನ್ನಿಸ್ತು ಅಕ್ಕಾ?" ಪಟಾಕಿ ಕೇಳಿದಳು.

"ನಾನೆಲ್ಲಿ ಹೋದೆ? ಕೆಲಸದೋರು ಹತ್ತೋ ಹಂಗಿರ್ಲಿಲ್ಲ. ಅದು ಗಿರಾಕಿಗಳಿಗೆ. ನಮಗೆ ಹಿಂದ್ಗಡೆ ಮೆಟ್ಲು."

"ಕೆಲಸ ಬಿಟ್ಟ ಮೇಲೆ?"

"ಜನ ಎಲ್ಲಾ ಕಲ್ತುಬಿಟ್ರು. ನನ್ನನ್ನ ಬಟ್ಟೆ ಮಡಿಸೋಕೆ ಹಾಕಿದ್ರು. ಆಮೇಲೆ ಮಂಡಿ ಹೋಯ್ತು, ಬಿಟ್ಟೆ. ಮತ್ತೆ ಆ ಕಡೆ ಯಾಕೆ ಹೋಗ್ಲಿ?"

ಊರನ್ನೆಲ್ಲ ಹತ್ತಿಸಿದವರು ಒಂದು ಸಲವೂ ಹತ್ತಿಲ್ಲ. ಹಿಂದಿನ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿದ್ದಾರೆ. ನನಗೆ ಎಷ್ಟು ಸಂಕಟವಾಯಿತೆಂದರೆ ಹಾಜರಿ ತೆಗೆದುಕೊಳ್ಳುವುದನ್ನೇ ಮರೆತೆ.

ಅದು ಕೀಳುವ ಮೊದಲು ಅಕ್ಕ ಹತ್ತಲೇಬೇಕು. ಮಕ್ಕಳೂ ಅದನ್ನೇ ಅಂದರು.

ಜುಲೈ 19, ಶುಕ್ರವಾರ

ಮ್ಯಾನೇಜರ್ ಬೇಡ ಅನ್ನಲಿ ಎಂದು ಸೋಮವಾರ ಹಾರೈಸಿದವಳು ಇಂದು ಅವನ ಮುಂದೆ ಕೂತು ಜಗಳವಾಡಿದೆ. ನನ್ನ ಹಣೆಬರಹವೇ ಹೀಗೆ.

"ಕೆಲಸದವರು ಹತ್ತಬಾರದು ಅನ್ನೋ ನಿಯಮ ಯಾರು ಮಾಡಿದ್ದು?"

"ನಾನು ಬರೋಕ್ಕೆ ಮುಂಚೇನೇ ಇತ್ತು ಮೇಡಂ."

"ಈಗ ಆಕೆ ನಿಮ್ಮ ಕೆಲಸದವರಲ್ಲ. ಗಿರಾಕಿ. ಕರ್ಚೀಫ್ ಕೊಳ್ತಾರೆ."

ಟೈ ಸರಿಮಾಡಿಕೊಂಡ. ಯೋಚಿಸಿದ. ಎಸ್ಕಲೇಟರ್ ನಿಲ್ಲಿಸುವುದು ಮುಂದಿನ ಶನಿವಾರ ಸಂಜೆ, ಅಂಗಡಿ ಮುಚ್ಚುವಾಗ. ಅವತ್ತು ಬೆಳಿಗ್ಗೆ ಬನ್ನಿ ಅಂದ. ಮನುಷ್ಯ ಕೆಟ್ಟವನೇನಲ್ಲ.

ಜುಲೈ 21, ಭಾನುವಾರ

ಇವರು ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಅಭ್ಯಾಸಕ್ಕೆ ಕರೆದುಕೊಂಡು ಹೋದರು. ಎಸ್ಕಲೇಟರ್ ಮುಂದೆ ನಿಂತೆ. ನಿಂತೇ ಇದ್ದೆ. ಹಿಂದಿನಿಂದ ಬಂದವರೆಲ್ಲ ಸುತ್ತುಹಾಕಿಕೊಂಡು ಹೋದರು. ಇವರು ಅಕ್ಕನ ಉಪಾಯ ಮಾಡಿ ನೋಡಿದರು. "ನಿಮ್ಮ ಪ್ರಿನ್ಸಿಪಾಲರು ಹೇಗಿದ್ದಾರೆ?" ಉಪಾಯ ಗೊತ್ತಿದ್ದವಳಿಗೆ ಎಲ್ಲಿ ನಾಟುತ್ತದೆ? ಪ್ರಿನ್ಸಿಪಾಲರ ಮೇಲಿನ ದೂರು ಅಷ್ಟನ್ನೂ ನಿಂತಲ್ಲೇ ಹೇಳಿ ಮುಗಿಸಿದೆ. ಕೊನೆಗೆ ಸೆಕ್ಯುರಿಟಿಯವನು ಬಂದು, "ಏನಾದ್ರೂ ಕಳ್ಕೊಂಡ್ರಾ ಅಮ್ಮ?" ಅಂದ.

"ಮಾನ" ಅಂದರು ಇವರು.

ಬರುವಾಗ ಸ್ಕೂಟರಿನಲ್ಲಿ ಇಬ್ಬರ ಮಧ್ಯೆ ಬ್ಯಾಗ್ ಇಟ್ಟು ಕೂತೆ ನಾನು.

ಜುಲೈ 24, ಬುಧವಾರ

ಅಕ್ಕ ಬರುವುದಿಲ್ಲವಂತೆ. ಮಂಡಿ ನೋವಂತೆ. ಕಾಲೇಜು ಮುಗಿಸಿ ನೇರ ಅವರ ಮನೆಗೆ ಹೋದೆ. ಒಂದೇ ಕೋಣೆ, ಅಚ್ಚುಕಟ್ಟು. ಅಕ್ಕ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಮಗಳು ನೀರು ತಂದುಕೊಟ್ಟು, "ಮಂಡಿ ಅಲ್ಲ ಮೇಡಂ. ಅಮ್ಮಂಗೆ ಹೆದರಿಕೆ" ಅಂದಳು.

"ನಂಗೆಂಥ ಹೆದರಿಕೆ? ಎಷ್ಟು ಜನಾನ ಹತ್ಸಿದೀನಿ."

"ಹತ್ಸಿದೀಯ. ಹತ್ತಿದೀಯಾ?"

ಅಕ್ಕ ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದರು. ಮೊಮ್ಮಗಳು ಅಯ್ಯೋ ಅಂದಿತು. "ಜನ ಹೆಂಗೆ ಬೀಳ್ತಾರೆ ಅಂತ ದಿನಾ ನೋಡಿದೋಳು ಮೇಡಂ ನಾನು. ನೋಡದೇ ಇದ್ದಿದ್ರೆ ಧೈರ್ಯ ಇರ್ತಿತ್ತು."

ನನಗೂ ಹಾಗೇ ಅಕ್ಕ... ಬಾಯಿ ತುದಿಗೆ ಬಂದಿತ್ತು. ನುಂಗಿದೆ. ಬಂದು ಸುಮ್ಮನೆ ನೋಡಿ, ಮಕ್ಕಳು ಕಾಯುತ್ತಾರೆ ಅಂದೆ. ನೋಡೋಕೆ ಬೇಕಾದರೆ ಬರುತ್ತೇನೆ ಅಂದರು.

ನನ್ನದೊಂದು ಯೋಜನೆ ಸಿದ್ಧವಾಗಿದೆ. ಮಕ್ಕಳು ಹತ್ತುವಾಗ ಫೋನ್ ಬಂದಂತೆ ಕಿವಿಗೆ ಹಿಡಿದುಕೊಂಡು, ಮೆಟ್ಟಿಲ ಕಡೆಯಿಂದ ಮೇಲೆ ಹೋಗಿಬಿಡುವುದು.

ಜುಲೈ 27, ಶನಿವಾರ, ಮಧ್ಯಾಹ್ನ 2

ಊಟಕ್ಕೂ ಏಳದೆ ಬರೆಯುತ್ತಿದ್ದೇನೆ. ಅಕ್ಷರ ವಕ್ರ.

ಬೆಳಿಗ್ಗೆ ಎಲ್ಲರೂ ಬಂದಿದ್ದರು. ಮಲಗುವ ಸಾಲಿನವರೂ. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಎಸ್ಕಲೇಟರ್ ಬುಡದಲ್ಲಿ ಎಡಗಡೆ ಹೋಗಿ ನಿಂತರು. ಹೇಳಿಕೊಡಬೇಕಾಗಿರಲಿಲ್ಲ, ಅದು ಅವರ ಜಾಗ. ಮಕ್ಕಳು ಒಬ್ಬೊಬ್ಬರೇ ಅವರಿಗೆ ಕೈ ಕೊಟ್ಟು ಹತ್ತಿದರು. ದಿನಾ ಮಾಲ್ ಸುತ್ತುವ ಮಕ್ಕಳು, ಬೇಕೆಂದೇ ಹೆದರಿದ ಹಾಗೆ ನಟಿಸಿದರು. ಅಕ್ಕನ ಮುಖ ಅರಳಿತ್ತು.

"ಈಗ ನೀವು ಬನ್ನಿ ಅಕ್ಕಾ" ಮೇಲಿನಿಂದ ಕೂಗಿದರು.

ಅಕ್ಕನ ನಗು ಮಾಯ. ಒಂದು ಹೆಜ್ಜೆ ಮುಂದೆ ಬಂದರು. ಕಾಲು ಎತ್ತಿದರು, ಇಳಿಸಿದರು. ಮ್ಯಾನೇಜರ್, "ಹತ್ತಿ ಅಮ್ಮ, ಯಾರೇನೂ ಅನ್ನಲ್ಲ" ಅಂದ. ಅಕ್ಕ ತಲೆ ಅಲ್ಲಾಡಿಸಿದರು. "ಬೇಡ ಬಿಡಿ. ಇಷ್ಟು ದಿನ ಇಲ್ದೇ ಇದ್ದಿದ್ದು, ಈಗೇನು" ಅಂದು ಹಿಂದೆ ತಿರುಗಿದರು. ಕಣ್ಣು ತುಂಬಿತ್ತು.

ನಾನು ಆಗ ಫೋನ್ ಕಿವಿಗೆ ಹಿಡಿದು ಮೆಟ್ಟಿಲ ಕಡೆ ಹೊರಟಿದ್ದೆ. ಅವರ ಮುಖ ಕಂಡಿತು. ನನಗೆ ಏನಾಯಿತೋ... ಮೇಲೆ ನಿಂತ ಅಷ್ಟೂ ಮಕ್ಕಳಿಗೆ ಕೇಳುವ ಹಾಗೆ ಹೇಳಿಬಿಟ್ಟೆ.

"ಅಕ್ಕಾ, ನನಗೂ ಭಯ. ಒಂದು ಸಲವೂ ಹತ್ತಿಲ್ಲ ನಾನು. ಹತ್ತಿಸ್ತೀರಾ?"

ಪಟಾಕಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣೊರೆಸಿಕೊಂಡರು. ಅಷ್ಟೇ, ಹೆದರಿದ ಗಿರಾಕಿ ಎದುರಿಗೆ ನಿಂತ ಮೇಲೆ ಅವರಿಗೆ ಬೇರೇನೂ ನೆನಪಿರಲಿಲ್ಲ. ಬಂದು ಗಟ್ಟಿಯಾಗಿ ಕೈ ಹಿಡಿದರು. ಒರಟು ಕೈ, ಬೆಚ್ಚಗಿತ್ತು. ಏನೋ ಕೇಳಿದರು. ಏನು ಕೇಳಿದರೆಂದು ಈಗಲೂ ನೆನಪಾಗುತ್ತಿಲ್ಲ. ನನ್ನ ಕಾಲು ಮೆಟ್ಟಿಲ ಮೇಲಿತ್ತು.

ಹತ್ತಿಸಿದ ಕೂಡಲೇ ಕೈ ಬಿಡಿಸಿಕೊಳ್ಳುವುದು ಅವರ ಅಭ್ಯಾಸ. ಆದರೆ ನಾನು ಬಿಡಬೇಕಲ್ಲ? ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟೆ.

"ಬಿಡಿ ಮೇಡಂ. ಬಿಡಿ, ಬಿಡಿ—"

ಬಿಡಲಿಲ್ಲ. ಅಕ್ಕನೂ ಬಂದುಬಿಟ್ಟರು, ನನ್ನ ಹಿಂದಿನ ಮೆಟ್ಟಿಲಿಗೆ. ಇಬ್ಬರೂ ಕಣ್ಣು ಮುಚ್ಚಿ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಮೇಲೆ ಬಂದೆವಂತೆ, ಗಡ್ಡನ ಫೋನಿನಲ್ಲಿ ವಿಡಿಯೋ ಇದೆ. ಇಳಿಯುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಕ್ಕಳೇ ನಾಲ್ಕೂ ಕಡೆಯಿಂದ ಹಿಡಿದು ಎತ್ತಿಕೊಂಡ ಹಾಗೆ ಇಳಿಸಿದರು.

ಯಾರೂ ನನ್ನನ್ನು ನೋಡಿ ನಗಲಿಲ್ಲ. ಪಟಾಕಿ ಮಾತ್ರ, "ಮೊದಲೇ ಹೇಳಿದ್ರೆ ನಾವೇ ಹತ್ತಿಸ್ತಿದ್ವಲ್ಲ ಮೇಡಂ" ಅಂದಳು. ನನಗೆ ಅಳು ಬಂತು, ಅತ್ತೆ. ತಡೆಯಲು ಹೋಗಲಿಲ್ಲ.

ಅಕ್ಕ ಕಟಕಟೆ ಹಿಡಿದು ಕೆಳಗೆ ನೋಡುತ್ತ ನಿಂತಿದ್ದರು. ತಾವು ನಿಲ್ಲುತ್ತಿದ್ದ ಜಾಗವನ್ನು. ನನ್ನ ಕಡೆ ತಿರುಗಿ ಅಂದರು: "ಇಲ್ಲಿಂದ ನೋಡಿದ್ರೆ ನಾನು ಇಷ್ಟೇ ಇಷ್ಟು ಕಾಣ್ತಿದ್ನೇನೋ. ಆದ್ರೂ ಮೇಲೆ ಬಂದ ಮೇಲೆ ಒಬ್ಬೊಬ್ರು ತಿರುಗಿ ಕೈ ಬೀಸೋರು ಮೇಡಂ."

ಸಂಜೆ 6

ಅಕ್ಕನ ಫೋನ್. ಇನ್ನು ಸ್ವಲ್ಪ ಹೊತ್ತಿಗೆ ಯಂತ್ರ ನಿಲ್ಲಿಸುತ್ತಾರಲ್ಲ, ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮತ್ತೆ ಅಂಗಡಿಗೆ ಹೋಗಿದ್ದಾರೆ. ಹಿಂದೆ ಸಿಕ್ಕಾಪಟ್ಟೆ ಗದ್ದಲ, ಮಾತು ಸರಿಯಾಗಿ ಕೇಳಿಸಲಿಲ್ಲ.

"ಎಲ್ಲಿದ್ದೀರಿ ಅಕ್ಕಾ, ಕೆಳಗೆ ನಿಂತಿದ್ದೀರಾ?"

"ಇಲ್ಲ ಮೇಡಂ. ಗಿರಾಕಿಗಳ ಜೊತೆ ಸಾಲಲ್ಲಿದ್ದೀನಿ. ಮೂರನೇ ಸಲ. ಬೇಗ ಬನ್ನಿ."

ಇವರು ಆಗಲೇ ಸ್ಕೂಟರ್ ಹೊರಗೆ ತೆಗೆದಿದ್ದಾರೆ. ಬಾಚಣಿಗೆ ಸಿಗುತ್ತಿಲ್ಲ. ಹಾಳಾಗಲಿ, ಹೀಗೇ ಹೋಗುತ್ತೇನೆ. ಹಾರನ್ ಹೊಡೆಯುತ್ತಿದ್ದಾರೆ... ಬಂದೆ ರೀ, ಬಂ