ಮಂದಾಕಿನಿಯವರ ಫೋನಿನ ಬೀಗ

ಮೇಲ್ದಂಡೆ,
ತೂಬಿನ ಶಕೆ ತೊಂಬತ್ತೊಂದು, ಎರಡನೆಯ ಬೇಸಿಗೆ

ಮಾನ್ಯ ಮಂದಾಕಿನಿಯವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಮೂರು ಬೇಸಿಗೆಗಳಿವೆ, ಇದು ನಡುವಿನದು. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ದೊಡ್ಡವಳಾದ ಮೇಲೆ, ಹಳೆಯ ಯಂತ್ರಗಳೊಳಗೆ ಉಳಿದಿದ್ದ ಕಡತಗಳನ್ನು ಓದಿ ಓದಿ. ನನ್ನದು ಇಂಗ್ಲಿಷ್ ಶಾಲೆಯ ಓದು. ನಮ್ಮಲ್ಲಿ ಅದರಿಂದ ಸಿಗುವುದು ಒಂದೇ ಕೆಲಸ, ನಿಮ್ಮ ಕಾಲದವರು ಬಿಟ್ಟುಹೋದ ಯಂತ್ರಗಳ ಜೊತೆ ಮಾತಾಡುವುದು.

ನೀವು ಫೋನು ಎನ್ನುವುದನ್ನು ನಾವು ಅಂಗೈ ಎನ್ನುತ್ತೇವೆ. ಅದರಿಂದ ಈಗ ಯಾರಿಗೂ ಕರೆ ಹೋಗುವುದಿಲ್ಲ. ಗೋಪುರಗಳು ನಿಂತಿವೆ, ಅವುಗಳ ಮೇಲೆ ಹದ್ದುಗಳು ಗೂಡು ಕಟ್ಟಿವೆ. ಆದರೂ ಮನೆಗೊಂದು ಅಂಗೈ ಇದೆ, ತಾಯಿಯಿಂದ ಮಗಳಿಗೆ, ಮಾವನಿಂದ ಅಳಿಯನಿಗೆ ಕೈ ಬದಲಾಗುತ್ತ ಬಂದದ್ದು. ಜನ ಅದರಲ್ಲಿ ಚಿತ್ರ ಹಿಡಿಯುತ್ತಾರೆ, ಬೆಳೆಗೆ ನೀರು ಬಿಟ್ಟ ಪಾಳಿಯನ್ನು ಧ್ವನಿಯಲ್ಲಿ ಹೇಳಿಡುತ್ತಾರೆ. ಸಂಜೆ ತಂತಿಯಿಂದ ಮನೆಯ ಕಂಪ್ಯೂಟರಿಗೆ ಜೋಡಿಸಿದರೆ ಅಂಗೈಯಲ್ಲಿದ್ದುದೆಲ್ಲ ಅದರೊಳಗೆ ಇಳಿಯುತ್ತದೆ. ನೀವು ಬ್ಯಾಕಪ್ ಎನ್ನುತ್ತಿದ್ದ ಆ ಪ್ರತಿಗೆ ನಮ್ಮಲ್ಲಿ ನೆರಳು ಎಂದು ಹೆಸರು. ಯಾರಾದರೂ ಸತ್ತರೆ ಅವರ ಅಂಗೈಯನ್ನು ಕೊನೆಯ ಸಲ ಕಂಪ್ಯೂಟರಿಗೆ ಜೋಡಿಸಿ, ಉಳಿದ ನೆರಳನ್ನೂ ಇಳಿಸಿಕೊಂಡು, ಆಮೇಲೆ ಅಂಗೈಯನ್ನು ಹೆಣದ ಎದೆಯ ಮೇಲಿಟ್ಟು ಮಣ್ಣು ಮಾಡುತ್ತೇವೆ. ಇದು ಕೊನೆಯ ತಂತಿ. ಅದನ್ನು ಹಾಕಲು ಮನೆಮನೆಗೆ ಹೋಗುವವಳು ನಾನು. ನೆರಳನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಸತ್ತವರ ಪೆಟ್ಟಿಗೆಗೆ ಕೈ ಹಾಕಿದ ಹಾಗೆ ಎಂದು ನಮ್ಮ ನಂಬಿಕೆ. ಕಂಪ್ಯೂಟರಿನ ಮುಂದೆ ದೀಪ ಹಚ್ಚುತ್ತೇವೆ, ಅಷ್ಟೆ. ಆ ಭಕ್ತಿ ನಿಜವಾದದ್ದೋ, ಬರಿಯ ಸೋಮಾರಿತನವೋ, ಈಗ ನನಗೆ ಗೊತ್ತಾಗುತ್ತಿಲ್ಲ.

ಈ ವಾರ ನಮ್ಮ ತೂಬಿನ ಬಳಿ ಕೊಲೆಗಳಾದವು. ಕಾಲುವೆಯ ನೀರನ್ನು ಕಾಯುವ ಪಡೆಗೆ ಪಂಪಣ್ಣ ಎಂಬವನು ನಾಯಕ. ತಮ್ಮ ಪಾಳಿಯ ನೀರು ಕೇಳಲು ಹೋದ ಕೆಳದಂಡೆಯವರನ್ನು ಅವನ ಜನ ಕಟ್ಟೆಯ ಮೇಲೆ ಅಟ್ಟಾಡಿಸಿ ಕೊಡಲಿಯಿಂದ ಕಡಿದರು. ಕೈ ಮುಗಿದು ಕೂತವರನ್ನೂ ಬಿಡಲಿಲ್ಲ. ಕಾಲುವೆ ಮಧ್ಯಾಹ್ನದವರೆಗೆ ಕೆಂಪಾಗಿ ಹರಿಯಿತು, ದನಗಳು ಮೂಸಿ ಹಿಂದೆ ಸರಿದವು. ಕೆಳದಂಡೆಯ ಹುಲಿಗೆವ್ವನ ಮಗಳು ಶಂಕ್ರವ್ವ ಮರದ ಮರೆಯಲ್ಲಿ ನಿಂತು ಎಲ್ಲವನ್ನೂ ಅಂಗೈಯಲ್ಲಿ ಹಿಡಿದಳು. ಮನೆಗೆ ಓಡಿ ಬಂದು ತಂತಿ ಹಾಕಿದಳು. ನೆರಳು ಇಳಿದು ಮುಗಿಯಿತು. ತಂತಿ ಬಿಚ್ಚುವಷ್ಟರಲ್ಲಿ ಅವರು ಬಾಗಿಲು ಒಡೆದರು. ಅವಳನ್ನು ಜಡೆ ಹಿಡಿದು ಅಂಗಳಕ್ಕೆ ಎಳೆದು, ತಾಯಿಯ ಕಣ್ಣ ಮುಂದೆಯೇ ಕುತ್ತಿಗೆಗೆ ಹೊಡೆದು, ಅಂಗೈ ಕಿತ್ತುಕೊಂಡು ಹೋದರು. ಆಮೇಲೆ, ಕಟ್ಟೆಯ ಮೇಲೆ ಜಗಳ ತೆಗೆದು ಮೊದಲು ಕೈ ಮಾಡಿದವನು ಅವಳ ಅಣ್ಣ ಸೋಮಲಿಂಗ ಎಂದು ಸಾರಿ, ಅವನನ್ನು ಹಿಡಿದು ಹಾಕಿದರು. ನಮ್ಮಲ್ಲಿ ಅದಕ್ಕೆ ಶಿಕ್ಷೆ ತೂಬಿಗೆ ಕಟ್ಟುವುದು. ಮನುಷ್ಯನನ್ನು ಗೇಟಿನ ಕೆಳಗೆ ಸರಪಳಿಯಲ್ಲಿ ಬಿಗಿದು ನೀರು ಬಿಡುತ್ತಾರೆ.

ಮರುದಿನ ಹೆಣ ಅಂಗಳದಲ್ಲಿರುವಾಗಲೇ ಪಂಪಣ್ಣ ಹೂವು, ಹಳದಿ ಬಟ್ಟೆ ಹಿಡಿದು ತನ್ನ ಜನರೊಂದಿಗೆ ಬಂದ. ಬಟ್ಟೆಯೊಳಗೆ ಶಂಕ್ರವ್ವನ ಅಂಗೈ ಇತ್ತು.

"ಯವ್ವಾ, ನಿನ್ನ ಮಗಳದು ನಿನಗ ಮುಟ್ಟಲಿ. ತಂತಿ ಹಾಕಿಸಿ ಮಣ್ಣು ಮಾಡು. ಪಾಪ, ಹುಡುಗಿ ಜೀವ ಅಲೀಬಾರದು," ಎಂದ.

"ಅಂಗೈ ಇಲ್ಲಿ ಕೊಡು. ಹೂವು ನೀನ ಮುಡ್ಕೋ," ಎಂದಳು ಹುಲಿಗೆವ್ವ.

ಕೊನೆಯ ತಂತಿ ಹಾಕಲು ಬಂದಿದ್ದ ನಾನು ಅಂಗೈಯನ್ನು ಒತ್ತಿ ನೋಡಿದೆ. ಹೊಸದಾಗಿ ಕೊಂಡದ್ದರಂತೆ ಅದು ನನಗೆ ಸ್ವಾಗತ ಹೇಳಿತು. ಒಳಗೆ ಏನೂ ಇರಲಿಲ್ಲ. ಅವನ ಉಪಾಯ ಆಗ ನನಗೆ ಹೊಳೆಯಿತು. ನಮ್ಮ ಕಂಪ್ಯೂಟರುಗಳು ಒಂದು ಅಂಗೈಗೆ ಒಂದೇ ನೆರಳನ್ನು ಇಟ್ಟುಕೊಳ್ಳುವಂತೆ ನಾವೇ ಮಾರ್ಪಡಿಸಿಕೊಂಡಂಥವು, ಜಾಗ ಕಡಿಮೆ ಎಂದು. ತಂತಿ ಹಾಕಿದ ತಕ್ಷಣ ಹೊಸದನ್ನು ಹಳೆಯದರ ಮೇಲೆ ಬರೆಯುತ್ತವೆ, ಕೇಳುವುದಿಲ್ಲ. ಬರಿದಾದ ಅಂಗೈ ಜೋಡಿಸಿದರೆ ಬರಿದು ನೆರಳೇ ಉಳಿಯುತ್ತದೆ. ಪಂಪಣ್ಣ ಕಂಪ್ಯೂಟರನ್ನು ಒಡೆದಿದ್ದರೆ ಊರೆಲ್ಲ ಅನುಮಾನ ಪಡುತ್ತಿತ್ತು. ಸಾಕ್ಷಿಯನ್ನು ತಾಯಿಯ ಕೈಯಿಂದಲೇ, ಶಾಸ್ತ್ರದ ಹೆಸರಿನಲ್ಲೇ ಅಳಿಸಲು ಅವನು ಬಂದು ಕೂತಿದ್ದ.

ಬಿಸಿಲು ಸಾಲದು, ಯಂತ್ರಕ್ಕೆ ಇನ್ನೂ ಜೀವ ತುಂಬಬೇಕು ಎಂದು ಸುಳ್ಳು ಹೇಳಿ ನಾನೊಬ್ಬಳೇ ಒಳಗೆ ಕೂತೆ. ನೆರಳು ಸುಲಭಕ್ಕೆ ಕಾಣುವ ಜಾಗದಲ್ಲಿರುವುದಿಲ್ಲ. ಮನೆಯವರ ಹೆಸರಿನ ಫೋಲ್ಡರಿನೊಳಗೆ, ಮರೆಮಾಡಿದ ಇನ್ನೊಂದರೊಳಗೆ, ಅರ್ಥವಿಲ್ಲದ ಅಕ್ಷರ ಅಂಕಿಗಳ ಉದ್ದ ಹೆಸರಿನಲ್ಲಿ ಅಡಗಿರುತ್ತದೆ. ಒಳಗೆ ಸಾವಿರಾರು ಚೂರುಗಳು, ಒಂದರ ಹೆಸರೂ ಓದಲು ಬರುವಂಥದ್ದಲ್ಲ. ಅದರಲ್ಲಿ ವಿಡಿಯೋ ಯಾವುದು ಎಂದು ಹುಡುಕಲು ಹೋಗಬಾರದು, ಒಂದು ಚೂರಿನ ಹೆಸರು ಬದಲಾಯಿಸಿದರೂ ಇಡೀ ನೆರಳು ಸತ್ತ ಹಾಗೆ. ಏನನ್ನೂ ಮುಟ್ಟದೆ ಇಡಿಯಾಗಿ ಪ್ರತಿ ತೆಗೆಯಬೇಕು. ಹಾಗೆಯೇ ತೆಗೆದೆ. ಕಡ್ಡಿಯಷ್ಟು ಚಿಕ್ಕ ಪೆನ್ ಡ್ರೈವಿಗೆ ಅದು ಇಳಿಯುತ್ತಿದ್ದಾಗ ಹೊರಗಿನಿಂದ ಪಂಪಣ್ಣನ ಜನರ ಮಾತು ಕೇಳಿಸುತ್ತಿತ್ತು.

"ಇಂಗ್ಲಿಷ್ ಸಾಲಿ ಕಲ್ತಾಕಿ ನೋಡು, ಒಂದು ತಂತಿ ಚುಚ್ಚಾಕ ಮುಹೂರ್ತ ಹುಡುಕಾಕತ್ತಾಳ."

"ಹೆಣ ನಾರತೈತಿ ಅಕ್ಕಾ, ಬೇಗ ಮುಗಸು."

"ನಾರೋದು ನನ್ನ ಮಗಳಲ್ಲೋ," ಎಂದಳು ಹುಲಿಗೆವ್ವ, "ನೀ ಉಟ್ಟ ಅಂಗಿ ನಾರಾಕತ್ತೈತಿ. ರಕ್ತ ತೊಳಕೊಂಡಿಲ್ಲ ನೋಡು."

ಅವಳು ನೀರು ಕೊಡುವ ನೆಪದಲ್ಲಿ ಒಳಗೆ ಬಂದಾಗ ಪೆನ್ ಡ್ರೈವನ್ನು ಅವಳ ಎಲೆಯಡಿಕೆ ಚೀಲಕ್ಕೆ ಹಾಕಿದೆ. ಅದೇ ಹೊತ್ತಿಗೆ ಪಂಪಣ್ಣ ತಾಳ್ಮೆಗೆಟ್ಟು ನುಗ್ಗಿದ. ತಂತಿಯನ್ನು ತಾನೇ ಚುಚ್ಚಿದ. ನಮ್ಮ ಕಣ್ಣೆದುರೇ ಹಳೆಯ ನೆರಳು ಹೋಗಿ ಬರಿದು ನೆರಳು ಕೂತಿತು. ಹೋಗುವ ಮುನ್ನ ನನ್ನ ಬಲಗೈಯನ್ನು ಹೊಸಿಲ ಮೇಲಿಡಿಸಿ ಬಂದೂಕಿನ ಹಿಡಿಯಿಂದ ಜಜ್ಜಿದ. ತಡ ಮಾಡಿದ್ದಕ್ಕೆ, ಎಂದ. ಬೆರಳುಗಳು ಮುರಿದ ಸದ್ದು ಒಣ ತೊಗರಿಕಟ್ಟಿಗೆಯ ಸದ್ದಿನಂತೆಯೇ ಇತ್ತು. ಈಗ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ.

ಮಣ್ಣು ಮುಗಿದ ಮೇಲೆ ಹುಲಿಗೆವ್ವ ಎರಡೂ ದಂಡೆಯ ಹಿರಿಯರ ಸಭೆಯಲ್ಲಿ ಚೀಲ ಬಿಚ್ಚಿದಳು. ಗದ್ದಲವಾಯಿತು, ಕಲ್ಲುಗಳು ಬಿದ್ದವು, ಒಬ್ಬನ ಕಣ್ಣು ಹೋಯಿತು. ಕೊನೆಗೆ ಹಿರಿಯರು ಅದರಿಂದ ಇನ್ನೊಂದು ಪ್ರತಿ ತೆಗೆಸಿ, ಒಂದನ್ನು ತಮ್ಮ ವಶಕ್ಕೆ ತೆಗೆದುಕೊಂಡು, ಇನ್ನೊಂದನ್ನು ನಮಗೆ ಬಿಟ್ಟು, ನಾಳೆ ಬೆಳಿಗ್ಗೆ ಗೇಟು ಎತ್ತುವ ಮುನ್ನ ಅದನ್ನು ಎಲ್ಲರೆದುರು ತೆರೆದು ತೋರಿಸಿದರೆ ಸೋಮಲಿಂಗನನ್ನು ಬಿಡುತ್ತೇವೆ ಎಂದರು. ನಾವು ಖುಷಿಯಿಂದ ನನ್ನ ಮನೆಗೆ ಬಂದು, ಜೀವನದಲ್ಲಿ ಮೊದಲ ಸಲ ಒಂದು ನೆರಳನ್ನು ತೆರೆಯಲು ಕೂತೆವು. ಅದು ಪಾಸ್‌ವರ್ಡ್ ಕೇಳಿತು.

ಬೀಗ ಹಾಕಿದವಳು ಶಂಕ್ರವ್ವ ಅಲ್ಲ, ಅವಳ ತಾಯಿಯೂ ಅಲ್ಲ. ನೆರಳು ಇಳಿಸಲು ಆ ಪದ ಬೇಕಾಗುವುದಿಲ್ಲ, ತೆರೆಯಲು ಮಾತ್ರ ಬೇಕು. ನಾವು ತೆರೆದೇ ಇರಲಿಲ್ಲವಲ್ಲ, ಹಾಗಾಗಿ ಬೀಗವಿದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಬೀಗದ ಹೊರಗೆ ಓದಲು ಸಿಗುವ ಒಂದೇ ಚೂರಿನಲ್ಲಿ ಅಂಗೈಯ ಮೊದಲ ಹೆಸರಿದೆ, 'ಮಂದಾಕಿನಿಯವರ ಫೋನು' ಎಂದು. ಅಂಗೈ ಎಷ್ಟು ಕೈ ದಾಟಿದರೂ ಅದರ ಹೆಸರು ಬದಲಾಯಿಸುವುದು ನಮ್ಮಲ್ಲಿ ಅಪಶಕುನ. ಹೆಸರಿನ ಜೊತೆಗೆ ನಿಮ್ಮ ಬೀಗವೂ ತಲೆಮಾರುಗಳನ್ನು ದಾಟಿ ಬಂದಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬೀಗ ಹಾಕಿದ್ದು ಜಾಣತನವೇ. ನಿಮಗೂ ಯಾರದೋ ಹೆದರಿಕೆ ಇದ್ದಿರಬೇಕು. ಆದರೆ ಆ ಪದವನ್ನು ನೀವು ಯಾರಿಗೂ ಹೇಳದೆ ಹೋದಿರೋ, ಹೇಳಿದ್ದನ್ನು ನಮ್ಮವರು ಮರೆತರೋ, ಅದೊಂದು ನನಗೆ ತಿಳಿಯಬೇಕಾಗಿದೆ. ಈ ಪತ್ರ ನಿಮ್ಮನ್ನು ತಲುಪುವ ದಾರಿಯಿಲ್ಲ ಎಂಬುದು ಗೊತ್ತು. ಗೊತ್ತಿದ್ದೂ ಬರೆಯುತ್ತಿರುವುದಕ್ಕೆ ಕಾರಣ ಪಕ್ಕದಲ್ಲಿ ಕೂತಿರುವ ಹುಲಿಗೆವ್ವ. ಮಕ್ಕಳ ಹೆಸರು, ದೇವರ ಹೆಸರು, ಆಡಿನ ಹೆಸರು, ತನಗೆ ಬರುವ ಎಲ್ಲ ಬೈಗುಳ, ಒಂದೊಂದನ್ನೂ ನನ್ನಿಂದ ಒತ್ತಿಸುತ್ತಿದ್ದಾಳೆ. ತಪ್ಪು ಎಂದು ಪರದೆ ಹೇಳಿದಾಗಲೆಲ್ಲ, "ಇನ್ನೊಂದು ಒತ್ತವ್ವಾ," ಎನ್ನುತ್ತಾಳೆ.

ಹೊರಗೆ ಸರಪಳಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಮಂದಾಕಿನಿಯವರೇ, ನೀವು ಈ ಹೊತ್ತು ಬದುಕಿದ್ದರೆ, ಫೋನು ಇನ್ನೂ ನಿಮ್ಮ ಕೈಯಲ್ಲಿದ್ದರೆ, ಆ ಪದವನ್ನು ಒಬ್ಬರಿಗಾದರೂ ಹೇಳಿ. ಅವರು ಇನ್ನೊಬ್ಬರಿಗೆ ಹೇಳಲಿ. ಅಥವಾ ನನ್ನ ಕೆಲಸವನ್ನು ಸ್ವಲ್ಪ ಹಗುರ ಮಾಡಿ. ನಿಮಗೆ ಯಾರ ಮೇಲೆ ಹೆಚ್ಚು ಪ್ರೀತಿ ಇತ್ತು? ನೀವು ಹುಟ್ಟಿದ ಊರು ಯಾವುದು? ನಿಮ್ಮ ಮನೆಯಲ್ಲಿ ನಾಯಿ ಇತ್ತೇ, ಅದನ್ನು ಏನೆಂದು ಕರೆಯುತ್ತಿದ್ದಿರಿ?

ಇಂತಿ ನಿಮ್ಮ,
ನೀಲಾಂಬಿಕೆ