ಹತ್ತು ದಿನದ ಬುಧವಾರ

ಬಾತಿ, ದಾವಣಗೆರೆ ತಾಲ್ಲೂಕು
14-11-2025, ಶುಕ್ರವಾರ

ನನ್ನ ಸಹನಾ,

ಹೇಗಿದ್ದೀಯ? ರಾಯಚೂರಿನ ನೀರಿಗೆ ಕೂದಲು ಉದುರುತ್ತಿದೆ ಎಂದಿದ್ದೆ, ಈಗ ನಿಂತಿತೇ? ಹಾಸ್ಟೆಲಿನ ಹುಡುಗಿಯರಿಗೆಲ್ಲ ಬಡಿಸಿ, ಕೊನೆಗೆ ತಣ್ಣಗಾದದ್ದನ್ನು ನೀನು ತಿನ್ನಬೇಡ. ನನ್ನ ಮಂಡಿನೋವು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿನ್ನ ತಮ್ಮ ಸಿದ್ದೇಶ್ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾನೆ, ಸಿಪ್ಪೆ ಬುಟ್ಟಿಗೆ, ಕಾಳು ಬಾಯಿಗೆ.

ಫೋನಿನಲ್ಲಾದರೆ ಎಲ್ಲ ಹೇಳಿ ಮುಗಿಸಲು ಆಗುವುದಿಲ್ಲ. ದಿನವೂ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ಕೈ, ಬರೆಯುವುದೇ ಸುಲಭ. ಸಿದ್ದುವಿನ ಸರ್ಟಿಫಿಕೇಟ್ ಆಯಿತು. ಮಾಸಾಶನದ ಅರ್ಜಿಯೂ ಹೋಯಿತು. ಅಪ್ಪ ಇದ್ದಷ್ಟು ದಿನ ಈ ಮಾತೆತ್ತಲು ಬಿಡಲಿಲ್ಲ. “ನನ್ ಮಗನ ಮ್ಯಾಲೆ ಸರ್ಕಾರದ ಸೀಲು ಬ್ಯಾಡ. ನಾನ್ ಇದೀನಲ್ಲ” ಎನ್ನುತ್ತಿದ್ದರು. ಸಂಕ್ರಾಂತಿಯಾದ ವಾರಕ್ಕೆ ಅವರೇ ಹೋದರು. ಹರಿಹರದ ವರ್ಕ್‌ಶಾಪಿನ ಸಂಬಳವೂ ನಿಂತಿತು. ನೀನು ಕಳಿಸುವುದರಲ್ಲಿ ನಾವಿಬ್ಬರೂ ಉಣ್ಣುತ್ತಿದ್ದೇವೆ. ನೀನು ಎಷ್ಟು ವರ್ಷ ಕಳಿಸುತ್ತೀಯ, ನಾನು ಹೋದ ಮೇಲೆ ಇವನ ಗತಿಯೇನು ಎಂಬುದೇ ಚಿಂತೆಯಾಗಿತ್ತು.

ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಆಶಾರಾಣಿ ದಾರಿ ಹೇಳಿದಳು. ಮೊದಲು ದಾವಣಗೆರೆಯ ಆಸ್ಪತ್ರೆಯಲ್ಲಿ ತೋರಿಸಬೇಕು, ಬುದ್ಧಿಯ ಕೊರತೆ ಶೇಕಡಾ ಎಷ್ಟು ಎಂದು ಬರೆಸಬೇಕು, ಅದರ ಮೇಲೆ ಮಾಸಾಶನ. ಡಾಕ್ಟರು ಪ್ರಶ್ನೆ ಕೇಳುತ್ತಾರೆ ಎಂದಳು. ನಾಲ್ಕು ಜನರ ಮುಂದೆ ನನ್ನ ಮಗ ತಲೆ ತಗ್ಗಿಸಬಾರದೆಂದು ಹತ್ತು ದಿನ ಕೂರಿಸಿಕೊಂಡು ಕಲಿಸಿದೆ. ಹೆಸರೇನು, ಊರು ಯಾವುದು, ಇವತ್ತು ಯಾವ ವಾರ. ಹೋಗಬೇಕಾದದ್ದು ಬುಧವಾರ, ಹಾಗಾಗಿ ನಮ್ಮ ಮನೆಯಲ್ಲಿ ಹತ್ತು ದಿನವೂ ಬುಧವಾರವೇ. ಭಾನುವಾರದ ದಿನ ಸಿದ್ದು, ಹಾಲು ಹಾಕುವ ಚಾಂದ್ ಪಾಷಾನಿಗೂ “ಇವತ್ತು ಬುಧವಾರ ಐತೆ” ಎಂದ. “ಆತು ಬಿಡಪ್ಪ ಸಾಹೇಬ, ನೀ ಹೇಳಿದ್ಮ್ಯಾಲೆ ಮುಗೀತು” ಎಂದು ಅವನು ನಗುತ್ತಾ ಹೋದ.

ಹೋದ ತಿಂಗಳು ಆ ಬುಧವಾರ ಹೊಸ ಅಂಗಿ ಹಾಕಿಸಿ ಕರೆದೊಯ್ದೆ. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದ. ನನಗೆ ಹೆಮ್ಮೆಯೋ ಹೆಮ್ಮೆ. ಆಶಾರಾಣಿ ಸೆರಗು ಜಗ್ಗಿ ಕಿವಿಯಲ್ಲಿ, “ಅಯ್ಯೋ ಅಕ್ಕ, ನೌಕ್ರಿ ಇಂಟರ್‌ವ್ಯೂಗೆ ತಯಾರ್ ಮಾಡ್ಕಂಡು ಬಂದೀರೇನ್ರಿ? ಪರ್ಸೆಂಟ್ ಕಮ್ಮಿ ಬಂದ್ರೆ ಮಾಸಾಶನನೂ ಇಲ್ಲ, ಏನೂ ಇಲ್ಲ!” ಎಂದಳು. ಇಪ್ಪತ್ತಾರು ವರ್ಷ ಅವನ ಕೊರತೆ ಮುಚ್ಚಿ ಮುಚ್ಚಿ ಅಭ್ಯಾಸವಾಗಿದೆ ಮಗಳೇ, ಬಿಚ್ಚಿ ತೋರಿಸಬೇಕಾದ ಜಾಗದಲ್ಲೂ ಮುಚ್ಚಿದೆ.

ಆಗ ಡಾಕ್ಟರಮ್ಮ ನಾನು ಕಲಿಸದ ಒಂದನ್ನು ಕೇಳಿದರು, ಅಪ್ಪ ಎಲ್ಲಿ ಎಂದು. “ಹರಿಹರಕ್ಕೆ ಹೋಗ್ಯಾನೆ. ಸಂಜಿ ಬಸ್ಸಿಗೆ ಬರ್ತಾನೆ” ಎಂದ ಸಿದ್ದು. ಮಣ್ಣಿಗೆ ಅವನೂ ಬಂದಿದ್ದ, ಹಿಡಿ ಮಣ್ಣು ಹಾಕಿದ್ದ. ಡಾಕ್ಟರಮ್ಮ ನನ್ನ ಬರಿ ಹಣೆ ನೋಡಿ ಪೆನ್ನು ಕೆಳಗಿಟ್ಟರು. “ಈಗ ನೀವು ಹೇಳ್ರಿ ಅಮ್ಮ” ಎಂದರು. ಹೇಳಿದೆ. ಗುಂಡಿ ನಾನೇ ಹಾಕುವುದು, ಗಡ್ಡ ನಾನೇ ತೆಗೆಯುವುದು, ಬಾಗಿಲಿಗೆ ಹೊರಗಿನಿಂದಲೂ ಚಿಲಕ ಹಾಕಿಸಿದ್ದು, ಆದರೂ ಕಣ್ಣು ತಪ್ಪಿಸಿ ಹೋದವನನ್ನು ದಿನವೂ ಸಂಜೆ ಬಸ್ ಸ್ಟಾಪಿನಿಂದ ಕೈ ಹಿಡಿದು ವಾಪಸು ಕರೆತರುವುದು. ಇಷ್ಟನ್ನು ನಿನಗೂ ಹೇಳಿರಲಿಲ್ಲ. ಹೇಳುತ್ತಾ ಅತ್ತುಬಿಟ್ಟೆ, ಆದರೆ ಮನಸ್ಸು ಹಗುರಾಯಿತು. ಅವರು ಮತ್ತೆ ನಿಧಾನವಾಗಿ ಅವನ ಕೈಯಲ್ಲಿ ಏನೇನೋ ಮಾಡಿಸಿ ನೋಡಿದರು, ಇದ್ದದ್ದನ್ನು ಇದ್ದಂತೆ ಬರೆದರು. ಮಾಸಾಶನಕ್ಕೆ ಅಷ್ಟು ಸಾಕಂತೆ.

ಸರ್ಟಿಫಿಕೇಟಿನ ಕಾರ್ಡು ಮೊನ್ನೆ ಕೈಗೆ ಬಂತು, ನಿನ್ನೆ ದಾವಣಗೆರೆಗೆ ಹೋಗಿ ಅರ್ಜಿ ಕೊಟ್ಟೆವು. ಮಂಜೂರಾಗಲು ಒಂದೆರಡು ತಿಂಗಳು ಹಿಡಿಯಬಹುದು, ಆಗದೆ ಇರುವುದಿಲ್ಲ ಎಂದಳು ಆಶಾರಾಣಿ. ವಾಪಸು ಬರುವಾಗ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೇನೆ. ಸಿದ್ದು ಭುಜ ತಟ್ಟಿ, “ಏಳವ್ವ, ಬಾತಿ ಬಂತು” ಎಂದು ಎಬ್ಬಿಸಿದ. ಎಷ್ಟು ತಿಂಗಳ ಮೇಲೆ ಬಂದ ನಿದ್ದೆಯೋ ಅದು.

ಹುಷಾರಾಗಿರು. ನೀನು ನೋಡಿಕೊಳ್ಳುವ ಆ ಹುಡುಗಿಯರೆಲ್ಲರಿಗೂ ಒಳ್ಳೆಯದಾಗಲಿ, ಅವರಿಗಿಂತ ಒಂದು ಹಿಡಿ ಹೆಚ್ಚು ನಿನಗಾಗಲಿ.

ನಿನ್ನ ಅವ್ವ,
ಮೀನಾಕ್ಷಿ

ಮರೆತಿದ್ದೆ: ನನ್ನ ನಂತರ ಸಿದ್ದುವಿನ ಪೋಷಕನಾಗಿ ರುಜು ಹಾಕಲು ಕುಕ್ಕುವಾಡದ ನಿನ್ನ ಸೋದರಮಾವ ಪರಶುರಾಮ ಒಪ್ಪಿದ್ದಾನೆ. ನಿನ್ನನ್ನು ಮದುವೆಗೆ ಕೇಳಿದ ಆ ಮಾಲತೇಶ್ ಮೇಷ್ಟ್ರಿಗೆ ಬೇಡ ಎಂದೆಯಲ್ಲ, ಅದು ನಿನಗೇ ಬೇಡವಾಗಿದ್ದರೆ ಇರಲಿ. ತಮ್ಮನ ಸಲುವಾಗಿ ಬೇಡ ಎಂದಿದ್ದರೆ ಅವರನ್ನು ಮನೆಗೆ ಕರೆದುಕೊಂಡು ಬಾ. ಹಿಂದೆ ಗಂಡಿನ ಕಡೆಯವರು ಬಂದಾಗಲೆಲ್ಲ ಸಿದ್ದುವನ್ನು ಕುಕ್ಕುವಾಡಕ್ಕೆ ಸಾಗಿಸುತ್ತಿದ್ದೆ. ಈ ಸಲ ಪಡಸಾಲೆಯಲ್ಲೇ ಕೂರಿಸುತ್ತೇನೆ.